ಒಂದಾಣೆ ಜಾಗದ ಜಗಳ

ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಹಳೆಯ ಸರ್ವೆ ಚೈನಿನ ಉದ್ದವೇ 33 ಅಡಿ, ಅದನ್ನು 16 ಆಣೆ ಅಂತ ಭಾಗ ಮಾಡಿದ್ದರು. ಒಂದಾಣೆ ಅಂದರೆ ಎರಡು ಅಡಿಗೆ ಒಂಚೂರು ಜಾಸ್ತಿ. ಸರ್ವೆ ಕೆಲಸಕ್ಕೆಂದು ಹೊಲ ಹೊಲ ತಿರುಗುವ ನಾನು ಕಂಡ ಬದುವಿನ ಜಗಳಗಳು ಹೆಚ್ಚೂಕಮ್ಮಿ ಈ ಒಂದಾಣೆ, ಎರಡಾಣೆಯವೇ. ನೂರು ಅಡಿ ಉದ್ದದ ಬದು ಒಂದಾಣೆ ಅತ್ತಿತ್ತ ಸರಿದರೆ ಹೋಗುವ ಜಾಗ ಗುಂಟೆಯ ಐದನೇ ಒಂದು ಭಾಗವೂ ಆಗುವುದಿಲ್ಲ. ಎಕರೆಗೆ ಹತ್ತು ಕ್ವಿಂಟಾಲ್ ರಾಗಿ ಬಂತು ಅಂತಲೇ ಇಟ್ಟುಕೊಳ್ಳಿ, ಆ ಪಟ್ಟಿಯಲ್ಲಿ ಬೆಳೆಯೋದು ಐದು ಕೆಜಿ ಒಳಗೆ.

ಐದು ಕೆಜಿ ರಾಗಿಗೆ ಒಡಹುಟ್ಟಿದವರು ವರ್ಷಗಟ್ಟಲೆ ಕೋರ್ಟು ಅಲೆಯುತ್ತಾರೆ. ಪೇಟೆಯಲ್ಲಿ ಈ ಕತೆ ಹೇಳಿದರೆ ಜನ ನಗುತ್ತಾರೆ. ಹಾಗೆ ನಗುವವರೇ ಪಕ್ಕದ ಫ್ಲ್ಯಾಟಿನವರ ಕಾರಿನ ಚಕ್ರ ಪಾರ್ಕಿಂಗ್ ಗೆರೆ ನಾಲ್ಕಿಂಚು ದಾಟಿತು ಅಂತ ವಾಟ್ಸ್ಯಾಪ್ ಗುಂಪಿನಲ್ಲಿ ರಾತ್ರಿ ಹನ್ನೆರಡರವರೆಗೆ ಟೈಪ್ ಮಾಡುತ್ತಿರುತ್ತಾರೆ. ಹೊಲದವನಿಗೂ ಲೆಕ್ಕ ಬರುತ್ತದೆ, ಫ್ಲ್ಯಾಟಿನವನಿಗೂ ಬರುತ್ತದೆ. ಇಬ್ಬರೂ ಕೇಳುತ್ತಿರುವ ಬಾಕಿ ಮಾತ್ರ ಬೇರೆ ಯಾವುದೋ ಖಾತೆಯದು.

ತುಮಕೂರು ಕಡೆಯ ಒಂದು ಹಳ್ಳಿ ಅಂತಿಟ್ಟುಕೊಳ್ಳಿ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಅಪ್ಪ ಬಾಯಿಮಾತಿನಲ್ಲಿ ಮಾಡಿಕೊಟ್ಟು ಹೋದ ಪಾಲು, ನಡುವೆ ಒಂದು ಬದು, ಬದುವಿನ ಮೇಲೆ ಸಾಲಾಗಿ ತೆಂಗಿನ ಮರ. ನಾವು ಸಾಮಾನು ಇಳಿಸುವ ಮುಂಚೆಯೇ ಅಣ್ಣ ಶುರು ಮಾಡಿದ.

"ಬದು ನಂದು ಸ್ವಾಮಿ. ಅವ್ನು ವರ್ಷಾ ವರ್ಷಾ ಕೊರ್ಕೊಂಡು ಬಂದವ್ನೆ."

ತಮ್ಮ ದೂರದಿಂದಲೇ, "ಸಸಿ ಇಟ್ಟವ್ನು ನಾನು. ಬಿಂದಿಗೇಲಿ ನೀರು ಹೊತ್ತು ಹಾಕ್ದವ್ನು ನಾನು. ಬದು ಹೆಂಗೆ ಅವ್ರದಾಗುತ್ತೆ ಕೇಳಿ" ಅಂದ.

ಅಣ್ಣ 'ಅವ್ನು' ಅನ್ನುತ್ತಿದ್ದ, ತಮ್ಮ ಅಷ್ಟು ಸಿಟ್ಟಿನಲ್ಲೂ 'ಅವ್ರು' ಬಿಟ್ಟಿರಲಿಲ್ಲ. ಇದನ್ನು ನಾನು ಯಾವಾಗಲೂ ಗಮನಿಸುತ್ತೇನೆ. ಏಕವಚನಕ್ಕೆ ಇಳಿದ ಮೇಲೆ ಕೆಲಸ ಬೇರೆ ಥರ ಆಗುತ್ತದೆ, ಕೆಲವೊಮ್ಮೆ ಪೊಲೀಸರನ್ನು ಜೊತೆಗೆ ಕರೆದುಕೊಂಡು ಹೋಗಬೇಕಾಗುತ್ತದೆ.

ಟಿಪ್ಪಣಿ, ಅಂದರೆ ಹಳೆಯ ಸರ್ವೆ ಅಳತೆಯ ಕೈನಕ್ಷೆ, ಹಿಡಿದು ಅಳೆದೆವು. ಬದು ಸೊಟ್ಟಗಿತ್ತು. ಒಂದು ತುದಿಯಲ್ಲಿ ತಮ್ಮ ಮುಕ್ಕಾಲು ಅಡಿ ಒತ್ತಿದ್ದ, ಇನ್ನೊಂದು ತುದಿಯಲ್ಲಿ ಅಣ್ಣ ಒಂದಡಿ ಒತ್ತಿದ್ದ. ಕೂಡಿ ಕಳೆದರೆ ಹೆಚ್ಚೂಕಮ್ಮಿ ಏನೂ ಇಲ್ಲ. ಇಬ್ಬರಿಗೂ ಸಮಾಧಾನವಾಗಬೇಕಿತ್ತು. ಬದಲಿಗೆ ಇಬ್ಬರ ಮುಖವೂ ಸಪ್ಪಗಾಯಿತು, ಇಷ್ಟು ದಿನ ಹೊತ್ತುಕೊಂಡು ತಿರುಗಿದ ಸಿಟ್ಟಿಗೆ ಕೂರಲು ಜಾಗವೇ ಸಿಗದ ಹಾಗೆ. ತಮ್ಮ ಅದೇ ಮರದಿಂದ ಎಳನೀರು ಕೆಡವಿಸಿ ಎಲ್ಲರಿಗೂ ಕೊಟ್ಟ. ಅಣ್ಣ ಮುಟ್ಟಲಿಲ್ಲ. ಹುಡುಗನೊಬ್ಬನ ಕೈಗೆ ದುಡ್ಡು ಕೊಟ್ಟು ಹೋಟೆಲಿಂದ ಟೀ ತರಿಸಿದ, ನಮಗೂ ಸೇರಿಸಿ. ನಾವು ಎಳನೀರೂ ಕುಡಿದೆವು, ಟೀಯೂ ಕುಡಿದೆವು. ಸರ್ವೆಯವರು ಇಷ್ಟಾದರೂ ನಿಷ್ಪಕ್ಷಪಾತಿಗಳಾಗಿರಬೇಕು.

ಮಹಜರಿಗೆ ಅಣ್ಣ ಸೈನು ಹಾಕಲ್ಲ ಅಂದ. ಅಳತೆ ತಪ್ಪಾ ಅಂತ ಕೇಳಿದೆ. ಇಲ್ಲ. ಮತ್ತೆ? ಹೊಂಗೆ ಮರದ ಕೆಳಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು ಆಮೇಲೆ ಹೇಳಿದ: "ಅವ್ನ ಮನೆ ಗೃಹಪ್ರವೇಶದ ಪತ್ರಿಕೇಲಿ ನನ್ನ ಹೆಸ್ರು ಎಲ್ಲಿ ಹಾಕ್ಸಿದ್ದ ಕೇಳಿ. ಅವ್ನ ಬಾಮೈದನ ಹೆಸ್ರಿನ ಕೆಳಗೆ."

ತಮ್ಮನ ಹತ್ತಿರ ಹೋದರೆ ಅವನದು ಬೇರೆಯೇ ಕಡತ. ಅವ್ವ ಆಸ್ಪತ್ರೆ ಸೇರಿದಾಗ ಅಣ್ಣ ಒಂದು ರಾತ್ರಿಯೂ ಬಂದು ಕೂರಲಿಲ್ಲ. ಅಣ್ಣನನ್ನು ಕೇಳಿದರೆ ಆಗ ರಾಗಿ ಕೊಯ್ಲು, ಮಳೆ ಮೋಡ ಬೇರೆ ಕಟ್ಟಿತ್ತು, ಹಗಲು ರಾತ್ರಿ ಮೆದೆ ಹಾಕುತ್ತಿದ್ದೆ ಅನ್ನುತ್ತಾನೆ. ಅದೂ ನಿಜವೇ ಇರಬೇಕು.

ಜಗಳಗಳನ್ನು ಅಧ್ಯಯನ ಮಾಡಿದವರು ಇದನ್ನು ವಿಂಗಡಿಸಿ ಇಟ್ಟಿದ್ದಾರೆ. ಬಾಯಲ್ಲಿ ಕೇಳುವ ಬೇಡಿಕೆ ಒಂದು, ಅದರ ಹಿಂದಿರುವ ಅಗತ್ಯ ಇನ್ನೊಂದು. 'ಬದು ನಂದು' ಅನ್ನೋದು ಬೇಡಿಕೆ. ಬೇಡಿಕೆಗಳು ಎದುರುಬದುರಾದರೆ ಒಂದು ಗೆಲ್ಲಬೇಕು, ಒಂದು ಸೋಲಬೇಕು. ಅಗತ್ಯಗಳು ಹಾಗೆ ಡಿಕ್ಕಿ ಹೊಡೆಯಲೇಬೇಕೆಂದಿಲ್ಲ. ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ ಎಂಬ ಹೆಂಗಸು 1925ರಲ್ಲೇ ಇದನ್ನು ಒಂದು ಕಿಟಕಿಯ ಪ್ರಸಂಗ ಹೇಳಿ ವಿವರಿಸಿದ್ದರು. ಹಾರ್ವರ್ಡ್ ಗ್ರಂಥಾಲಯದ ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕು, ಫಾಲೆಟ್‌ಗೆ ಮುಚ್ಚಿರಬೇಕು. ಕೊನೆಗೆ ಯಾರೂ ಕೂರದ ಪಕ್ಕದ ಕೋಣೆಯ ಕಿಟಕಿ ತೆರೆದರು. ಅವರಿಗೆ ಬೇಕಿದ್ದದ್ದು ಗಾಳಿ, ಈಕೆಗೆ ಬೇಕಿದ್ದದ್ದು ನೇರವಾಗಿ ಮೈಮೇಲೆ ಬೀಸುವ ಬಡಗಣ ಗಾಳಿಯಿಂದ ಬಿಡುಗಡೆ. ಇಬ್ಬರೂ ಏನೂ ಬಿಟ್ಟುಕೊಡಲಿಲ್ಲ. ಅರ್ಧ ಕಿಟಕಿ ತೆರೆದಿದ್ದರೆ ಇಬ್ಬರೂ ಗೊಣಗುತ್ತಾ ಓದಬೇಕಾಗುತ್ತಿತ್ತು.

ನಮ್ಮ ಅಣ್ಣನಿಗೆ ಆ ಬದು ಯಾಕೆ ಬೇಕು ಅಂತ ಕೆದಕಿದಾಗ ಹೊರಬಿದ್ದದ್ದು ದಾರಿ. ಹಿಂದಿನ ತಾಕಿಗೆ ಟ್ರ್ಯಾಕ್ಟರ್ ಹೋಗಲ್ಲ, ಮರಗಳು ಅಡ್ಡ. ಕೊಯ್ಲಾದ ಮೇಲೆ ಪ್ರತಿ ಸಲ ತಲೆಹೊರೆ. ತಮ್ಮನಿಗೆ ಬೇಕಿದ್ದದ್ದು ಮರ. ಹಳೆಯ ಟಿಪ್ಪಣಿ ಮತ್ತು ಗ್ರಾಮ ನಕ್ಷೆ ಬಿಡಿಸಿ ನೋಡಿದರೆ ಜಮೀನಿನ ಇನ್ನೊಂದು ಮಗ್ಗುಲಲ್ಲಿ ಬಂಡಿದಾರಿ ಗುರುತಿತ್ತು. ಲಂಟಾನ ಬೆಳೆದು ಪೂರ್ತಿ ಮುಚ್ಚಿಹೋಗಿತ್ತು, ಅಪ್ಪ ಹೋದ ಮೇಲೆ ಯಾರೂ ಅತ್ತ ಓಡಾಡಿರಲಿಲ್ಲ. ಜೆಸಿಬಿ ತರಿಸಿ ಸವರಿಸಿದರು, ಬಾಡಿಗೆ ಇಬ್ಬರೂ ಹಂಚಿಕೊಂಡರು. ಬದು ಬದುವಾಗಿಯೇ ಉಳಿಯಿತು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ನೀತಿಕತೆ. ಆದರೆ ದಾರಿ ಸಿಕ್ಕ ಮೇಲೂ ಅಣ್ಣ ಸೈನು ಹಾಕಿರಲಿಲ್ಲ! ದಾರಿಯದು ದಾರಿಗಾಯಿತು, ಪತ್ರಿಕೆಯದು? ತಮ್ಮ ತನ್ನ ಮಗಳ ಮದುವೆ ಪತ್ರಿಕೆ ಅಚ್ಚಿಗೆ ಕೊಡುವ ಮೊದಲು ಅದರ ಪ್ರೂಫ್ ಹಿಡಿದುಕೊಂಡು ಅಣ್ಣನ ಮನೆಗೆ ಹೋಗಿ "ಯಾರ್ಯಾರ ಹೆಸ್ರು ಎಲ್ಲೆಲ್ಲಿ ಬರ್ಬೇಕು ನೀವೇ ಹೇಳಿ" ಅಂದನಂತೆ. ಸೈನು ಬಿದ್ದದ್ದು ಅದಾದ ಮೇಲೆ. ವಾರಗಿತ್ತಿಯರು ಮಾತ್ರ ಇವತ್ತಿಗೂ ಮಾತಾಡುವುದಿಲ್ಲ. ಅವರ ಖಾತೆಯಲ್ಲಿ ಏನಿದೆಯೋ, ನಾವು ಗಂಡಸರು ಯಾರೂ ಕೂತು ಕೇಳಿಲ್ಲ.

ಇದಕ್ಕೇ ಮರ್ಯಾದೆಯ ಪ್ರಶ್ನೆ ಬೇರೆ, ಜಮೀನಿನ ಪ್ರಶ್ನೆ ಬೇರೆ ಅಂತ ನಾನು ಹಟ ಹಿಡಿದು ಹೇಳೋದು. ಎರಡೂ ಒಂದೇ ಬದುವಿನ ಮೇಲೆ ನಿಂತಿರುತ್ತವೆ, ಒಂದನ್ನು ಬಗೆಹರಿಸಿದರೆ ಇನ್ನೊಂದು ತಾನಾಗಿ ಬಗೆಹರಿಯುವುದಿಲ್ಲ. ಕೋರ್ಟು, ಸರ್ವೆ, ತಹಸೀಲ್ದಾರ್ ಕಚೇರಿ ಎಲ್ಲವೂ ಇರುವುದು ಜಮೀನಿನ ಪ್ರಶ್ನೆಗೆ. 'ಗೆದ್ದವ ಸೋತ, ಸೋತವ ಸತ್ತ' ಅಂತ ಹಿರಿಯರು ಕೋರ್ಟಿನ ಬಗ್ಗೆ ಹೇಳಿದ್ದು ಬರೀ ಖರ್ಚಿನ ಮಾತಲ್ಲ ಅನಿಸುತ್ತದೆ. ಗೆದ್ದವನ ಕೈಗೂ ಅವನು ಕೇಳಿದ್ದು ಸಿಕ್ಕಿರುವುದಿಲ್ಲ.

ಇನ್ನೊಂದು ಮಾತು, 'ಬೇಕಂತ್ಲೇ'. ಪ್ರತಿ ಬದುವಿನಲ್ಲೂ ಕೇಳುತ್ತೇನೆ. ಅವನು ಬೇಕಂತಲೇ ಒತ್ತಿದ, ಬೇಕಂತಲೇ ಕಲ್ಲು ಕಿತ್ತ. ನಾವು ತಡವಾಗಿ ಬಂದರೆ ಟ್ರಾಫಿಕ್ಕು, ಇನ್ನೊಬ್ಬ ತಡವಾಗಿ ಬಂದರೆ ಅಹಂಕಾರ. ಎದುರಿನವನ ನಡತೆಗೆ ಅವನ ಗುಣವೇ ಕಾರಣ ಅಂದುಕೊಂಡು ಸಂದರ್ಭವನ್ನು ಮರೆಯುವ ಈ ಚಾಳಿಗೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಒಂದು ಹೆಸರು ಕೊಟ್ಟು ಚರ್ಚೆಗೆ ತಂದರು. ಕೆಟ್ಟವರು ಇಲ್ಲ ಅಂತಲ್ಲ. ರಾತ್ರೋರಾತ್ರಿ ಗಡಿ ಗುರುತಿನ ಬಾಂದುಕಲ್ಲು ಕಿತ್ತು ಕೆರೆಗೆ ಹಾಕಿದವರನ್ನೂ ಕಂಡಿದ್ದೇನೆ. ಆದರೆ ಬದು ಯಾರ ಕೈವಾಡವೂ ಇಲ್ಲದೆ ಸರಿಯುವುದು ಎಷ್ಟು ಸಾಮಾನ್ಯ ಅಂತ ಜಗಳದಲ್ಲಿ ಇರುವವರಿಗೆ ಗೊತ್ತಿರುವುದಿಲ್ಲ. ಇಳಿಜಾರಿನ ಹೊಲದಲ್ಲಿ ಜೋರು ಮಳೆಗೆ ಬದು ಒಡೆಯುತ್ತದೆ, ಮತ್ತೆ ಕಟ್ಟುವವನು ಕಣ್ಣಳತೆಯಲ್ಲಿ ಕಟ್ಟುತ್ತಾನೆ. ಎತ್ತಿನ ನೇಗಿಲು ಬದುವಿನ ಬುಡಕ್ಕೆ ಹೋಗಿ ತಿರುಗುತ್ತಿತ್ತು. ಬಾಡಿಗೆ ಟ್ರ್ಯಾಕ್ಟರಿನ ಹುಡುಗನಿಗೆ ಗಂಟೆ ಲೆಕ್ಕ, ಅವನಿಗೆ ಯಾರ ಬದುವಾದರೇನು, ತಿರುವಿನಲ್ಲಿ ಒಂದು ಪಟ್ಟಿ ಕಚ್ಚಿಕೊಂಡೇ ಹೋಗುತ್ತಾನೆ. ಇಂಥ ಹತ್ತು ಹದಿನೈದು ಮಳೆಗಾಲ ಕಳೆದರೆ ಒಂದಾಣೆ ಸರಿದಿರುತ್ತದೆ.

ಕಾಗದದ ಕತೆ ಇನ್ನೂ ದೊಡ್ಡದು. ಅಜ್ಜ ತೀರಿಕೊಂಡು ಎಷ್ಟೋ ಕಾಲವಾದರೂ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗದೆ, ಜಮೀನು ಯಾರದು ಅಂತ ತೋರಿಸುವ ಪಹಣಿ ಅವನ ಹೆಸರಿನಲ್ಲೇ ಇರುತ್ತದೆ. ಖಾತೆ ಆದರೂ ಜಂಟಿ: ನಾಲ್ಕು ಹೆಸರು, ಒಂದೇ ಸರ್ವೆ ನಂಬರು, ಯಾರದು ಎಲ್ಲಿ ಅನ್ನುವ ನಕ್ಷೆ ಇಲ್ಲ. ಬಾಯಿಪಾಲಿನಲ್ಲಿ ಅನುಭವಿಸಿಕೊಂಡು ಬಂದವರಲ್ಲಿ ಒಬ್ಬ ಸಾಲ ತೆಗೆಯಬೇಕು, ಇಲ್ಲ ಮಾರಬೇಕು ಅಂದ ದಿನ ಅವನ ಭಾಗ ಗುರುತಿಸುವ 11ಇ ನಕ್ಷೆ ಬೇಕಾಗುತ್ತದೆ, ಆ ಭಾಗವನ್ನು ದಾಖಲೆಯಲ್ಲಿ ಬೇರೆ ಮಾಡುವ ಪೋಡಿ ಬೇಕಾಗುತ್ತದೆ, ಉಳಿದ ಮೂವರ ಒಪ್ಪಿಗೆ ಬೇಕಾಗುತ್ತದೆ. ಅಲ್ಲಿಯವರೆಗೆ ಚೆನ್ನಾಗಿದ್ದ ನಾಲ್ವರು ಅವತ್ತು ದಾಯಾದಿಗಳಾಗುತ್ತಾರೆ. 'ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು' ಅನ್ನುವ ಗಾದೆ ರಕ್ತವನ್ನೋ ಸ್ವಭಾವವನ್ನೋ ದೂರುತ್ತದೆ. ನಾನು ಮೊದಲು ಪಹಣಿಯನ್ನು ದೂರುತ್ತೇನೆ. ಆಫೀಸಿನಲ್ಲೂ ಇದೇ ಕಾಣುತ್ತದಲ್ಲವೇ? ಒಂದೇ ಕೆಲಸವನ್ನು ಇಬ್ಬರಿಗೆ ಒಪ್ಪಿಸಿ, ಯಾರ ಮಾತು ಕೊನೆಯದು ಅಂತ ಬರೆದಿಡದೆ, ಆಮೇಲೆ 'ಅವರಿಬ್ಬರಿಗೂ ಆಗಿಬರಲ್ಲ' ಅನ್ನುವ ಮ್ಯಾನೇಜರುಗಳು ಎಷ್ಟು ಜನ!

ಜಗಳ ಎಷ್ಟು ದೂರ ಹೋಗಿದೆ ಅಂತ ತಿಳಿಯದೆ ಮಧ್ಯೆ ಬಾಯಿ ಹಾಕುವವರು ಹೆಚ್ಚು ಹಾಳು ಮಾಡುತ್ತಾರೆ. ಜಗಳಗಳ ಅಧ್ಯಯನ ಮಾಡಿದ ಆಸ್ಟ್ರಿಯಾದ ಫ್ರೀಡ್ರಿಕ್ ಗ್ಲಾಸ್ಲ್ 1980ರಲ್ಲಿ ಜಗಳಕ್ಕೆ ಒಂಬತ್ತು ಮೆಟ್ಟಿಲು ಗುರುತಿಸಿದರು. ಅವರ ಚಿತ್ರದಲ್ಲಿ ಮೆಟ್ಟಿಲುಗಳು ಮೇಲೆ ಏರುವುದಿಲ್ಲ, ಕೆಳಕ್ಕೆ ಇಳಿಯುತ್ತವೆ. ಮೊದಲ ಮೂರರಲ್ಲಿ ಇಬ್ಬರೂ ಗೆಲ್ಲುವ ಅವಕಾಶ ಇನ್ನೂ ಇರುತ್ತದೆ, ನಡುವಿನ ಮೂರರಲ್ಲಿ ಒಬ್ಬ ಗೆದ್ದರೆ ಒಬ್ಬ ಸೋಲಬೇಕು, ಕೊನೆಯ ಮೂರರಲ್ಲಿ ಇಬ್ಬರೂ ಹಾಳು. ನನಗೆ ಇದು ಪುಸ್ತಕದ ಮಾತು ಅನಿಸಲೇ ಇಲ್ಲ, ಊರಿನಲ್ಲಿ ದಿನಾ ಕಾಣುವುದೇ. ಮೊದಲು ಬಿರುಸು ಮಾತು, ಆಮೇಲೆ ವಾದ. ಆಮೇಲೆ ಮಾತು ಬಿಟ್ಟು ಕೆಲಸದಲ್ಲೇ ತೋರಿಸುವುದು: ಹೇಳದೆ ಕೇಳದೆ ಬೇಲಿ ಹಾಕುವುದು. ನಾಲ್ಕನೆಯದು ಪಕ್ಷ ಕಟ್ಟುವುದು, ಊರ ಅರಳಿಕಟ್ಟೆಯ ಮೇಲೆ ಯಾರು ಯಾರ ಪಕ್ಕ ಕೂರುತ್ತಾರೆ ಅಂತ ನೋಡಿದರೆ ಸಾಕು. ಐದನೆಯದು ನಾಲ್ಕು ಜನರ ಎದುರು ಮಾನ ಕಳೆಯುವುದು. ಗ್ಲಾಸ್ಲ್ ಅದಕ್ಕೆ ಒಂದು ಇಡೀ ಮೆಟ್ಟಿಲು ಕೊಟ್ಟಿದ್ದು ಸರಿಯಾಗಿದೆ. ಅದಾದ ಮೇಲೆ ಬೆದರಿಕೆ, ಕೇಸು. ಇನ್ನೂ ಕೆಳಗೆ ಹೋದರೆ ಬೋರ್‌ವೆಲ್ಲಿನ ಕೇಬಲ್ ಕತ್ತರಿಸುವುದು, ಫಸಲಿಗೆ ಬಂದ ಅಡಿಕೆ ಗಿಡಗಳನ್ನು ರಾತ್ರಿ ಕಡಿದುಹಾಕುವುದು. ಅಡಿಕೆ ಕಡಿದವನಿಗೆ ಒಂದು ಕಾಯಿಯೂ ಸಿಗುವುದಿಲ್ಲ. ಅವನು ಲಾಭ ಹುಡುಕುವ ಹಂತ ದಾಟಿ ಬಂದಿದ್ದಾನೆ, ಎದುರಿನವನ ನಷ್ಟವೇ ಅವನ ಆದಾಯ.

ಮೊದಲನೇ ಮೆಟ್ಟಿಲಲ್ಲಿ ಇರುವವರನ್ನು ಠಾಣೆಗೆ ಕರೆಸಿದರೆ ನೇರ ಆರಕ್ಕೆ ತಳ್ಳಿದ ಹಾಗೆ. ಎಂಟರಲ್ಲಿ ಇರುವವರನ್ನು ಕೂರಿಸಿ "ಅಣ್ಣತಮ್ಮಂದಿರು ನೀವು, ಕೈ ಕುಲುಕಿ" ಅಂದರೆ ಕುಲುಕುತ್ತಾರೆ, ಮಾರನೇ ದಿನ ಮತ್ತೆ ಅದೇ. ಅಲ್ಲಿ ಕಾನೂನಿನ ಗಟ್ಟಿ ಕೈ ಬೇಕು, ಉಪದೇಶ ಸಾಲದು.

ಇನ್ನು ರಾಜಿಯ ವಿಷಯ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ.

1974ರಲ್ಲಿ ಕೆನೆತ್ ಥಾಮಸ್, ರಾಲ್ಫ್ ಕಿಲ್ಮನ್ ಎಂಬಿಬ್ಬರು ಜಗಳದಲ್ಲಿ ಮನುಷ್ಯ ಹಿಡಿಯುವ ಐದು ದಾರಿಗಳನ್ನು ಹೇಳಿದರು: ದಕ್ಕಿಸಿಕೊಳ್ಳುವುದು, ಬಿಟ್ಟುಕೊಡುವುದು, ತಪ್ಪಿಸಿಕೊಳ್ಳುವುದು, ಅರ್ಧಕ್ಕೆ ಒಪ್ಪುವುದು, ಕೂತು ಇಬ್ಬರಿಗೂ ಆಗುವ ದಾರಿ ಹುಡುಕುವುದು. ತರಬೇತಿಗಳಲ್ಲಿ ಐದನೆಯದನ್ನು ಹೊಗಳುತ್ತಾರೆ. ಐದಕ್ಕೂ ಅದರದರ ಹೊತ್ತು ಇದೆ. ಸರ್ವೆ ದಿನ ಕುಡಿದು ಬಂದು ಕೂಗಾಡುವ ಚಿಕ್ಕಪ್ಪನ ಮಗನ ಹತ್ತಿರ ಅಗತ್ಯ, ಬೇಡಿಕೆ ಅಂತ ಕೂರುವುದಕ್ಕಾಗುತ್ತದೆಯೇ? ತಪ್ಪಿಸಿಕೊಳ್ಳಬೇಕು. ಆದರೆ ನಮ್ಮ ಪಂಚಾಯ್ತಿ ಕಟ್ಟೆಗಳಲ್ಲಿ ನಡೆಯುವುದು ಹೆಚ್ಚಾಗಿ ನಾಲ್ಕನೆಯದರ ವೇಷ ಹಾಕಿದ ಎರಡನೆಯದು. 'ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಕೊಡಿ' ಅಂತ ಶುರುವಾಗಿ, ಯಾರ ದನಿ ಸಣ್ಣದೋ ಅವರು ಪೂರ್ತಿ ಬಿಟ್ಟುಕೊಡುವುದರಲ್ಲಿ ಮುಗಿಯುತ್ತದೆ. ಹಿರಿಯರಿಗೆ ಊಟದ ಹೊತ್ತಾಗಿರುತ್ತದೆ.

ದನಿ ಸಣ್ಣದು ಅಂದಾಗ ಮೊದಲು ನೆನಪಾಗುವುದು ಹೆಣ್ಣುಮಕ್ಕಳು. ಕರ್ನಾಟಕದಲ್ಲಿ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಅಂತ ಕಾನೂನು ಬಂದದ್ದು 1994ರಲ್ಲಿ. ಆಗಲೇ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತ್ತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ಆ ದಿನಕ್ಕೆ ಅಪ್ಪ ಬದುಕಿರಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಖಚಿತ ಮಾಡಿತು. ಕಾನೂನು ಇಷ್ಟು ದೂರ ಬಂದಿದೆ. ಹೊಲದಲ್ಲಿ ನಾನು ಕಾಣುವುದು ಬೇರೆ. ಪೋಡಿಗೆ ಮುಂಚೆ ಅಕ್ಕತಂಗಿಯರನ್ನು ಕಾರು ಮಾಡಿ ಕರೆಸುತ್ತಾರೆ, ಒಳ್ಳೆ ಅಡುಗೆ ಮಾಡಿಸುತ್ತಾರೆ, ಸೀರೆ, ಅರಿಶಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸೈನು ಹಾಕಿಸಿಕೊಳ್ಳುತ್ತಾರೆ. ಯಾರೂ ಗದರುವುದಿಲ್ಲ. "ತವರು ಬೇಕೋ, ಪಾಲು ಬೇಕೋ" ಅಂತ ಅಡುಗೆಮನೆಯಲ್ಲಿ ಅಮ್ಮನ ಬಾಯಲ್ಲೇ ಕೇಳಿಸುತ್ತಾರೆ. ಆ ಮನೆಯಲ್ಲಿ ಜಗಳವೇ ಇಲ್ಲ, ಎಷ್ಟು ಹೊಂದಾಣಿಕೆ ಅಂತ ಊರವರು ಹೊಗಳುತ್ತಾರೆ.

ಮನಸ್ಸಾರೆ ಬಿಟ್ಟುಕೊಡುವ ಅಕ್ಕಂದಿರೂ ಇದ್ದಾರೆ, ಅದು ಅವರ ಇಷ್ಟ. ಆದರೆ ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಅನ್ನುವ ಭಯದಲ್ಲಿ ಬಿದ್ದ ಸೈನಿಗೆ ಹೊಂದಾಣಿಕೆ ಅಂತ ಹೆಸರಿಡುವುದು ನನ್ನಿಂದಾಗದು. ಜಗಳ ಕಾಣದಿದ್ದ ಮಾತ್ರಕ್ಕೆ ಅದು ಇಲ್ಲ ಅಂತಲ್ಲ. ಕೆಲವು ಮನೆಗಳಲ್ಲಿ ಒಂದು ಜಗಳ ಶುರುವಾಗುವುದೇ ಒಳ್ಳೆಯದು. ಒಬ್ಬ ತಂಗಿ ಅಣ್ಣಂದಿರ ಎದುರು ಪತ್ರ ಮಡಚಿಟ್ಟು, "ಅಣ್ಣ, ನಾನು ನಿಮ್ಮನೆಗೆ ಬರೋದು ಬಿಡಲ್ಲ. ಪಾಲೂ ಬಿಡಲ್ಲ. ಎರಡೂ ಒಟ್ಟಿಗೆ ಆಗಲ್ಲ ಅಂತ ಯಾರಂದ್ರು?" ಅಂದದ್ದನ್ನು ಕೇಳಿದ್ದೇನೆ. ಬೈಗುಳವಿಲ್ಲ, ಕಣ್ಣೀರಿಲ್ಲ, ಹಿಂದೆ ಸರಿದದ್ದೂ ಇಲ್ಲ. ಜಗಳ ನಿಭಾಯಿಸುವುದು ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಆಕೆಯನ್ನು ತೋರಿಸುತ್ತೇನೆ.

ಕೋರ್ಟು ಹತ್ತಿದ ಮೇಲೂ ಮಾತಿಗೆ ಜಾಗ ಉಂಟು. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ ಶುರುವಾದದ್ದು 2007ರ ಜನವರಿ 1ರಂದು. ಅಲ್ಲಿ ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳುತ್ತಾರೆ, ಹಾಗೆ ಹೇಳಿದ್ದನ್ನು ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ದಾಟಿಸುವುದಿಲ್ಲ. ಪತ್ರಿಕೆಯಲ್ಲಿನ ಹೆಸರಿನಂಥ ಸಂಗತಿ ಹೊರಬರುವುದು ಆ ಬೇರೆ ಕೂತ ಮಾತಿನಲ್ಲೇ. ನಾಲ್ಕು ಜನರ ಎದುರು ಯಾವ ಅಣ್ಣ ತಾನೆ ನನಗೆ ಇದಕ್ಕೆ ನೋವಾಯಿತು ಅನ್ನುತ್ತಾನೆ? ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಮೇಲ್ಮನವಿ ಇರುವುದಿಲ್ಲ. ಮೇಲ್ಮನವಿ ಇಲ್ಲ ಅನ್ನುವುದನ್ನು ಸೈನು ಹಾಕುವ ಮೊದಲೇ ಬಿಡಿಸಿ ಕೇಳಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಉಚಿತ. ಹೊಡೆತ ಬಡಿತ ಇರುವ ಕಡೆ ಮಾತ್ರ ಈ ಕೂತು ಮಾತಾಡುವ ವ್ಯವಹಾರ ಬೇಡ. ಹೆದರಿಕೊಂಡವರು ಮೇಜಿನ ಆ ಕಡೆ ಕೂತರೂ ಹೆದರಿಕೊಂಡೇ ಇರುತ್ತಾರೆ.

ನಾನೀಗ ಅಳತೆ ಶುರು ಮಾಡುವ ಮುಂಚೆ ಒಂದು ಕೆಲಸ ಮಾಡುತ್ತೇನೆ. ಇಬ್ಬರನ್ನೂ ಬೇರೆ ಬೇರೆ ಕರೆದು, "ನಿಮ್ಮ ಲೆಕ್ಕದಲ್ಲಿ ಗಡಿ ಎಲ್ಲಿ ಬರುತ್ತೆ, ನಡೆದು ತೋರಿಸಿ" ಅನ್ನುತ್ತೇನೆ. ನಡೆಯುತ್ತಾ ಜನ ಗಡಿಯ ಬಗ್ಗೆ ಕಡಿಮೆ ಮಾತಾಡುತ್ತಾರೆ. ಇಲ್ಲಿ ಅಪ್ಪ ಬಾವಿ ತೋಡಿಸಿದ್ದು, ಇಲ್ಲಿ ಎತ್ತು ಸತ್ತದ್ದು, ಇಲ್ಲಿಂದ ಅವನು ನನ್ನನ್ನು ನೋಡಿಯೂ ನೋಡದ ಹಾಗೆ ಹೋದದ್ದು. ಸರ್ಕಾರಿ ನಮೂನೆಯಲ್ಲಿ ಇದಕ್ಕೆಲ್ಲ ಕಾಲಂ ಇಲ್ಲ, ಬರೆದುಕೊಳ್ಳುವುದೂ ಇಲ್ಲ. ಯಾರೋ ಕೇಳಿಸಿಕೊಂಡರು ಅನ್ನುವುದಕ್ಕೇ ಅರ್ಧ ಬಿಸಿ ಇಳಿಯುತ್ತದೆ.

ಇದಕ್ಕಿಂತ ಸುಲಭದ್ದು ಅಂದರೆ ಅಪ್ಪ ಬದುಕಿರುವಾಗಲೇ ಪಾಲು, ಪೋಡಿ ಎಲ್ಲ ಮುಗಿಸಿಕೊಳ್ಳುವುದು. ಹೇಳಿದಾಗಲೆಲ್ಲ ಮುದುಕರು ಕೇಳುವುದು ಒಂದೇ: "ಎಲ್ಲಾ ಬರ್ದುಕೊಟ್ಮೇಲೆ ನನ್ನನ್ನ ಯಾರು ನೋಡ್ಕೋತಾರಪ್ಪ?" ಹೆದರುವುದಕ್ಕೆ ಕಾರಣ ಇದೆ, ಹಾಗೆ ಕೈಬಿಟ್ಟ ಮಕ್ಕಳೂ ಇದ್ದಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಇದಕ್ಕೆ ದಾರಿಯಿದೆ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ಷರತ್ತು ಮುರಿದರೆ ರದ್ದು ಮಾಡಿಸಬಹುದು. ಆ ಷರತ್ತು ಪತ್ರದಲ್ಲೇ ಇದ್ದರೆ ಒಳ್ಳೆಯದು. ಒಂದು ಮನೆಯಲ್ಲಿ ಅಪ್ಪ ಆ ಸಾಲು ಬರೆಸಲೇಬೇಕು ಅಂದಾಗ ದೊಡ್ಡ ಮಗ ಕೆಂಡವಾದ. "ನಮ್ಮ ಮೇಲೆ ಇಷ್ಟೂ ನಂಬಿಕೆ ಇಲ್ವಾ?" ಚಿಕ್ಕವನು ಅಣ್ಣನ ಕಡೆಗೆ ತಿರುಗಿ, "ನಿಂಗೆ ಯಾಕೆ ಉರೀತು, ನೋಡ್ಕೊಳ್ಳೋನಿಗೆ ಏನು ಭಯ" ಅಂದ. ಕೂಗಾಟ ಬೀದಿಗೆ ಕೇಳಿಸುವಷ್ಟಾಯಿತು. ಅಪ್ಪ ಮಾತ್ರ ಎದ್ದು ಹೋಗಲಿಲ್ಲ, ಇಬ್ಬರೂ ಸುಸ್ತಾಗುವವರೆಗೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಕೊನೆಗೆ ಸಾಲು ಪತ್ರದಲ್ಲಿ ಉಳಿಯಿತು. ಅದರ ಜೊತೆಗೆ ಇನ್ನೊಂದು ಸಾಲೂ ಸೇರಿತು: ಔಷಧಿ ಖರ್ಚು ಇಬ್ಬರದೂ ಸಮ, ಯಾವ ಹೊತ್ತು ಯಾರ ಮನೆಯಲ್ಲಿ ಊಟ ಅನ್ನುವುದು ಅಪ್ಪನ ಇಷ್ಟ.